ಅಡಿಬರಹದ ಒಂದು ಸಾಲು: ಬೆಲಾಕನ ಸ್ಟೋರಿವಿಲ್ ಚಿತ್ರಗಳಿಗೆ ವ್ಯಾಖ್ಯಾನ

ಮೂಲ: ಇ. ಜೆ. ಬೆಲಾಕ್. ಸ್ಟೋರಿವಿಲ್ ಭಾವಚಿತ್ರ, ನ್ಯೂ ಆರ್ಲಿಯನ್ಸ್. ಸುಮಾರು 1912. ಬಿಸಿಲುಕಾಗದದ ಮೇಲೆ ಲೀ ಫ್ರೀಡ್‌ಲ್ಯಾಂಡರ್ ತೆಗೆದ ಅಚ್ಚು.

ಅಮೆರಿಕದ ಒಂದು ಸೂಳೆಗೇರಿಯಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರಗಳ ಕೆಳಗೆ ಮ್ಯೂಸಿಯಮ್ಮುಗಳು ಬರೆಯುವ ಸಾಲು ಇದು. ಒಂದೆರಡು ಪದ ಅತ್ತಿತ್ತಾದರೂ ತಿರುಳು ಇಷ್ಟೇ. ಕೈಸೇರಿ ಉಳಿದ ಗಾಜಿನ ತಟ್ಟೆಗಳು 89. ಕುಳಿತ ಹೆಂಗಸು ಬದಲಾಗುತ್ತಾಳೆ, ಕೋಣೆ ಬದಲಾಗುತ್ತದೆ, ಉಡುಪು ಇರುತ್ತದೆ ಅಥವಾ ಇಲ್ಲವಾಗುತ್ತದೆ; ಅಡಿಬರಹ ಮಾತ್ರ ಎಲ್ಲಕ್ಕೂ ಒಂದೇ. ಹಾಗಾಗಿ ಈ ಸಾಲನ್ನೇ ಸೂತ್ರವೆಂದು ಹಿಡಿದು, ಪದವಿಭಾಗ ಮಾಡಿ, ಒಂದೊಂದು ಪದಕ್ಕೂ ತಟ್ಟೆಗಳಲ್ಲಿ ಎಷ್ಟು ಆಧಾರವಿದೆ ಎಂದು ವಿಚಾರಿಸುವುದು ಇಲ್ಲಿಯ ಕ್ರಮ. ಸೂತ್ರ ಚಿಕ್ಕದಾದಷ್ಟೂ ಅದರೊಳಗೆ ಮಡಿಚಿಟ್ಟದ್ದು ಹೆಚ್ಚು.

‘ಇ. ಜೆ. ಬೆಲಾಕ್’ ಎಂಬುದು ಕರ್ತೃಪದ, ಎಂದರೆ ಕ್ಯಾಮೆರಾದ ಹಿಂದೆ ನಿಂತವನ ಹೆಸರು. 1873ರಲ್ಲಿ ಹುಟ್ಟಿ 1949ರಲ್ಲಿ ತೀರಿಕೊಂಡ ಈತ ನ್ಯೂ ಆರ್ಲಿಯನ್ಸಿನವನೇ. ಮನೆತನ ಫ್ರೆಂಚ್ ಮೂಲದ್ದು, ಅನುಕೂಲಸ್ಥರದು. ಒಡಹುಟ್ಟಿದವನೊಬ್ಬ ಜೆಸ್ಯೂಟ್ ಪಾದ್ರಿ. ಹೊಟ್ಟೆಪಾಡಿಗೆ ಬೆಲಾಕ್ ಮಾಡುತ್ತಿದ್ದದ್ದು ಹಡಗು ಕಟ್ಟುವವರಿಗಾಗಿ ಹಡಗುಗಳ, ಯಂತ್ರಗಳ ಚಿತ್ರ ತೆಗೆಯುವ ಕೆಲಸ. ಊರು ಅವನನ್ನು ಬಲ್ಲದ್ದು ಆ ಕಸುಬಿನಿಂದ. ಸೂತ್ರದಲ್ಲಿ ಅವನ ಹೆಸರನ್ನು ನಿಲ್ಲಿಸಿದ ಈ ತಟ್ಟೆಗಳನ್ನಾದರೋ ಅವನು ಬದುಕಿದ್ದಷ್ಟು ಕಾಲ ಯಾವ ಪ್ರದರ್ಶನದಲ್ಲೂ ಇಡಲಿಲ್ಲ. ಸತ್ತ ಮೇಲೆ ಅವನ ಮೇಜಿನೊಳಗೆ ಸಿಕ್ಕವು ಎಂದು ಹೇಳಿಕೆ.

ಕರ್ತೃವಿನ ವಿಷಯದಲ್ಲಿ ಐತಿಹ್ಯಗಳು ಬೇಗ ಬೆಳೆದವು. ವಯಸ್ಸಾದ ಮೇಲೆ ಅವನನ್ನು ಕಂಡಿದ್ದವರು ಕುಳ್ಳ, ತಲೆ ಅಳತೆಮೀರಿ ದೊಡ್ಡದು, ಮಾತು ಕೀರಲು ಎಂದೆಲ್ಲ ವರ್ಣಿಸಿದರು. ಸಮಾಜ ಬದಿಗೊತ್ತಿದ ಹೆಂಗಸರನ್ನು ಸಮಾಜ ಬದಿಗೊತ್ತಿದ ಗಂಡಸೊಬ್ಬ ಅರಿತುಕೊಂಡ ಎಂಬ ಕಥೆ ಕೇಳುವವರಿಗೆ ಹಿತವಾಗಿತ್ತು. ಮೈಕೆಲ್ ಒಂಡಾಟ್ಜಿ 1976ರ ತನ್ನ ಕಾದಂಬರಿಯೊಂದರಲ್ಲಿ ಅವನನ್ನು ಪಾತ್ರವಾಗಿಸಿದ. 1978ರಲ್ಲಿ ಲೂಯಿ ಮಾಲ್ ‘ಪ್ರೆಟಿ ಬೇಬಿ’ ಸಿನಿಮಾ ಮಾಡಿದಾಗ ಬೆಲಾಕನ ವೇಷ ಹಾಕಿದ್ದು ಕೀತ್ ಕ್ಯಾರಡೀನ್, ನೀಳಕಾಯದ ಚೆಲುವ. ಒಂದೇ ಹೆಸರಿನ ಮೇಲೆ ಕುಳ್ಳನೂ ಕೂತ, ಉದ್ದನೆಯವನೂ ಕೂತ. ವ್ಯಾಖ್ಯಾನಕ್ಕೆ ಇವೆರಡೂ ಬೇಡ. ಕರ್ತೃವಿನ ಮೈಕಟ್ಟಿನಿಂದ ಕೃತಿಯ ಅರ್ಥವನ್ನು ಹಿಂಡುವುದು ಸೋಮಾರಿ ಟೀಕಾಕಾರನ ದಾರಿ.

ಮುಂದಿನ ಪದ ‘ಸ್ಟೋರಿವಿಲ್’. ಇದು ಸ್ಥಳವಾಚಿ, ಆದರೆ ಸ್ಥಳಕ್ಕೆ ಈ ಹೆಸರು ಬಂದ ಬಗೆ ವಿಚಿತ್ರ. 1897ರಲ್ಲಿ ನ್ಯೂ ಆರ್ಲಿಯನ್ಸ್ ನಗರಸಭೆಯ ಸದಸ್ಯ ಸಿಡ್ನಿ ಸ್ಟೋರಿ ಎಂಬಾತ ಒಂದು ಕಟ್ಟಳೆಯನ್ನು ಮುಂದಿಟ್ಟ. ಊರ ತುಂಬ ಹರಡಿಕೊಂಡಿದ್ದ ವೇಶ್ಯಾವೃತ್ತಿಯನ್ನು ಕೆಲವೇ ಬೀದಿಗಳ ಒಂದು ಚೌಕಕ್ಕೆ ಸೇರಿಸಿಬಿಡಬೇಕು, ಆಚೆ ಎಲ್ಲೂ ಇರಕೂಡದು ಎಂಬುದು ಅದರ ಸಾರ. 1898ರ ಮೊದಲ ದಿನದಿಂದ ಅದು ಜಾರಿಗೆ ಬಂತು. ಮರ್ಯಾದಸ್ಥರ ಬೀದಿಗಳನ್ನು ಕಾಪಾಡಲು ಹೊರಟ ಸ್ಟೋರಿಯ ಹೆಸರಿಗೇ ‘ಊರು’ ಎಂಬರ್ಥದ ‘ವಿಲ್’ ಅಂಟಿಸಿ ಜನ ಆ ಚೌಕವನ್ನು ಕರೆದರು. ಗೇಲಿಯಾಗಿ ಹುಟ್ಟಿದ್ದು ಅಂಕಿತನಾಮವಾಗಿ ನಿಂತಿತು. ಅಲ್ಲಿ ವ್ಯವಹರಿಸುತ್ತಿದ್ದವರಂತೂ ಅದನ್ನು ‘ಡಿಸ್ಟ್ರಿಕ್ಟ್’ ಎಂದಷ್ಟೇ ಅನ್ನುತ್ತಿದ್ದರು.

ಕಟ್ಟಳೆಯ ವಾಕ್ಯರಚನೆ ಸೂಕ್ಷ್ಮವಾದದ್ದು. ಗೆರೆಯ ಹೊರಗೆ ಈ ವೃತ್ತಿ ನಿಷಿದ್ಧ ಎಂದು ಅದು ವಿಧಿಸಿತು. ಗೆರೆಯ ಒಳಗೆ ಸಮ್ಮತ ಎಂದು ಎಲ್ಲಿಯೂ ಬಾಯಿಬಿಡಲಿಲ್ಲ. ಮೀಮಾಂಸಕರು ಪರಿಸಂಖ್ಯೆ ಎಂಬ ಒಂದು ವಿಧಿಯನ್ನು ಹೇಳುತ್ತಾರೆ: ವಾಕ್ಯದ ಮೈ ಅನುಮತಿಯದು, ತಾತ್ಪರ್ಯ ಮಾತ್ರ ಉಳಿದದ್ದರ ನಿಷೇಧ. ಸ್ಟೋರಿಯ ಕಟ್ಟಳೆ ಅದನ್ನೇ ಮಗುಚಿ ಹಾಕಿತು. ಮೈ ನಿಷೇಧದ್ದು, ತಾತ್ಪರ್ಯ ಅನುಮತಿಯದು. ಬಾಡಿಗೆ ಎತ್ತಬೇಕಾದ ಮನೆಯ ಒಡೆಯನಿಗೂ ಪೊಲೀಸನಿಗೂ ಅದು ಸೊಗಸಾಗಿ ಅರ್ಥವಾಗಿತ್ತು. ಅಲ್ಲಿಯ ಹೆಂಗಸಿಗೆ ಸಿಕ್ಕದ್ದು ಹಕ್ಕಲ್ಲ. ಇರಗೊಟ್ಟಷ್ಟು ದಿನ ಇರಬಹುದೆಂಬ ಸೌಕರ್ಯ. ಹತ್ತೊಂಬತ್ತು ವರ್ಷ ಇರಗೊಟ್ಟರು. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ, ಸೈನಿಕರ ಶಿಬಿರಗಳ ಸುತ್ತ ಐದು ಮೈಲಿಯೊಳಗೆ ಸೂಳೆಮನೆಗಳು ಇರಕೂಡದೆಂದು ಮೇಲಿನಿಂದ ಒತ್ತಾಯ ಬಂತು. ನೌಕಾಖಾತೆ ಪಟ್ಟು ಹಿಡಿಯಿತು, ನಗರಸಭೆ ಮಣಿಯಿತು. ನವೆಂಬರಿನ ಒಂದು ನಡುರಾತ್ರಿ ಡಿಸ್ಟ್ರಿಕ್ಟ್ ಮುಚ್ಚಿತು. ಆ ನೆಲದ ಬಹುಭಾಗವನ್ನು ಕೆಡವಿ 1940ರ ದಶಕದ ಆರಂಭದಲ್ಲಿ ಇಬರ್‌ವಿಲ್ ಎಂಬ ಸರಕಾರಿ ವಸತಿಗಳನ್ನು ಕಟ್ಟಿದರು.

ಗೆರೆ ಎಳೆಯುವ ಕೆಲಸ ಆ ಊರಿಗೆ ಹೊಸದಾಗಿರಲಿಲ್ಲ. 1892ರಲ್ಲಿ ಹೋಮರ್ ಪ್ಲೆಸ್ಸಿ ಎಂಬಾತ ಬಿಳಿಯರ ರೈಲುಡಬ್ಬಿಯಲ್ಲಿ ಕುಳಿತು ಸೆರೆಯಾದದ್ದು ಇಲ್ಲಿಯೇ. ಅವನ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿ, ಬಣ್ಣದ ಮೇಲೆ ಡಬ್ಬಿ ಬೇರೆ ಮಾಡುವುದು ಸರಿ ಎಂಬ ತೀರ್ಪು 1896ರಲ್ಲಿ ಬಂತು. ಸ್ಟೋರಿಯ ಕಟ್ಟಳೆ ಬಂದದ್ದು ಮರುವರ್ಷ. ಚೌಕದೊಳಗೂ ಮತ್ತೆ ಗೆರೆಗಳೇ. ಬೇಸಿನ್ ಬೀದಿಯಲ್ಲಿ ಕನ್ನಡಿ ಹೊದಿಸಿದ ಹಜಾರಗಳ ಮಹಲುಗಳು, ಲೂಲೂ ವೈಟಳ ಮಹಾಗನಿ ಹಾಲ್ ಅಂಥವು. ಹಿಂದಿನ ಬೀದಿಗಳಲ್ಲಿ ‘ಕ್ರಿಬ್’, ಎಂದರೆ ಒಂದು ಬಾಗಿಲು, ಒಂದು ಹಾಸಿಗೆಯಷ್ಟೇ ಹಿಡಿಸುವ ಗೂಡು. ಗಿರಾಕಿಗಳಿಗಾಗಿ ‘ನೀಲಿ ಪುಸ್ತಕ’ ಎಂಬ ಕೈಪಿಡಿ ಅಚ್ಚಾಗುತ್ತಿತ್ತು. ಅದರಲ್ಲಿ ಹೆಂಗಸರ ಹೆಸರಿನ ಪಕ್ಕ ಬಿಳಿಯಳು, ಕರಿಯಳು, ಎಂಟರಲ್ಲೊಂದು ಪಾಲು ಕರಿಯ ರಕ್ತದವಳು ಎಂದು ತಿಳಿಸುವ ಗುರುತಿನಕ್ಷರಗಳು. 1917ರಲ್ಲಿ, ಮುಚ್ಚುವುದಕ್ಕೆ ಕೆಲವೇ ತಿಂಗಳು ಮುಂಚೆ, ಕರಿಯ ಹೆಂಗಸರನ್ನು ಈ ಚೌಕದಿಂದಲೂ ಆಚೆಗಟ್ಟಲು ನಗರಸಭೆ ಹೊರಟಿತು. ವಿಲ್ಲಿ ಪಿಯಾಜಾ ಎಂಬ ಮನೆಯೊಡತಿ ಕೋರ್ಟು ಹತ್ತಿ ಗೆದ್ದಳು. ಈ ಪ್ರಕರಣದಲ್ಲಿ ಕಟ್ಟಳೆಗೆ ಕಟ್ಟಳೆಯಿಂದಲೇ ಉತ್ತರ ಕೊಟ್ಟವಳು ಅವಳು. ಅವಳ ಹೆಸರು ದಾಖಲೆಯಲ್ಲಿ ಉಳಿಯಿತು. ಬೆಲಾಕನ ತಟ್ಟೆಗಳಾದರೋ ನೀಲಿ ಪುಸ್ತಕದ ಆ ಅಕ್ಷರಗಳಲ್ಲಿ ಒಂದನ್ನೂ ಹೇಳುವುದಿಲ್ಲ. ಮುಖ ನೋಡಿ ಯಾರು ಯಾವ ಗೆರೆಯ ಒಳಗಿನವಳೆಂದು ನಿರ್ಣಯಿಸಲು ಬಾರದು. ನಟಾಶಾ ಟ್ರೆಥೆವೇ ಎಂಬ ಕವಯಿತ್ರಿಗೆ 2002ರ ತನ್ನ ಸಂಕಲನದಲ್ಲಿ, ಈ ಚಿತ್ರಗಳಿಂದ ಒಬ್ಬ ಮಿಶ್ರರಕ್ತದ ಹೆಣ್ಣನ್ನು ಕಲ್ಪಿಸಿಕೊಳ್ಳಲು ಎಡೆ ಸಿಕ್ಕದ್ದು ಇಲ್ಲಿಯೇ.

‘ಭಾವಚಿತ್ರ’ ಎಂಬುದು ಈ ಸೂತ್ರದ ವಿಶೇಷ್ಯ. ಉಳಿದ ಪದಗಳೆಲ್ಲ ಅದಕ್ಕೆ ವಿಶೇಷಣಗಳು. ಭಾವಚಿತ್ರ ಎಂದರೆ ಒಬ್ಬ ವ್ಯಕ್ತಿ ತನ್ನ ಚಿತ್ರ ತೆಗೆಯಲಾಗುತ್ತಿದೆ ಎಂದು ತಿಳಿದು, ಅದಕ್ಕೆ ಒಪ್ಪಿ, ಕುಳಿತು ಅಥವಾ ನಿಂತು ಕೊಟ್ಟ ಚಿತ್ರ. ಕದ್ದು ತೆಗೆದದ್ದಕ್ಕೆ ಈ ಹೆಸರು ಸಲ್ಲದು. ಹಾಗಾದರೆ ಇವು ಕದ್ದು ತೆಗೆದವಲ್ಲ ಎಂಬುದಕ್ಕೆ ಪ್ರಮಾಣವೇನು? ಪ್ರಮಾಣ ಉಪಕರಣದಲ್ಲಿಯೇ ಇದೆ. ಬೆಲಾಕನದು ಎಂಟಿಂಚು ಅಗಲ, ಹತ್ತಿಂಚು ಉದ್ದದ ಗಾಜಿನ ತಟ್ಟೆ ಹಾಕುವ ಮರದ ಕ್ಯಾಮೆರಾ. ಮುಕ್ಕಾಲಿ ನಿಲ್ಲಿಸಬೇಕು, ಕರಿಬಟ್ಟೆಯ ಮುಸುಕಿನೊಳಗೆ ತಲೆ ತೂರಿಸಬೇಕು, ಮಸಕುಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ಬಿಂಬವನ್ನು ಹದಕ್ಕೆ ತರಬೇಕು, ಬಳಿಕ ತಟ್ಟೆಯ ಪೆಟ್ಟಿಗೆ ಸಿಕ್ಕಿಸಬೇಕು. ಅಷ್ಟು ಹೊತ್ತೂ ಎದುರಿನವಳು ಕಾದಿರಬೇಕು. ಬೆಳಕು ಕಿಟಕಿಯದು ಅಥವಾ ಹಿತ್ತಿಲದು. ಹಾಗಾಗಿ ಆಮೇಲೂ ಅಲುಗದೆ ಇರಬೇಕು. ಈ ಸಲಕರಣೆಯಿಂದ ಯಾರನ್ನೂ ಅರಿಯದಂತೆ ಹಿಡಿಯಲಾಗದು. ತಟ್ಟೆಯಲ್ಲಿ ಮುಖ ಅಲುಗದೆ ಚೂಪಾಗಿ ನಿಂತಿದೆ ಎಂದರೆ, ಆ ಮುಖದವಳು ಅಲುಗದಿರಲು ಮನಸ್ಸು ಮಾಡಿದಳು ಎಂದೇ ಅರ್ಥ.

ಇಲ್ಲಿ ಒಂದು ಶಂಕೆ. ದುಡ್ಡಿಗಾಗಿಯೋ ಮನೆಯೊಡತಿಯ ಮಾತಿಗಾಗಿಯೋ ಕುಳಿತಿದ್ದರೆ ಅದನ್ನು ಒಪ್ಪಿಗೆ ಎನ್ನಬಹುದೆ? ಶಂಕೆ ಯುಕ್ತವಾದದ್ದು, ಪೂರ್ತಿ ತೊಡೆದು ಹಾಕಲು ಬರುವುದಿಲ್ಲ. ಆದರೂ ಎರಡು ಸಂಗತಿಗಳನ್ನು ಎದುರಿಗೆ ಇಡಬೇಕು. ಅಡೆಲ್ ಎಂದಷ್ಟೇ ಹೆಸರಿಸಿರುವ ಒಬ್ಬ ಹೆಂಗಸು, ತಾನು ಬೆಲಾಕನ ಮುಂದೆ ಕುಳಿತಿದ್ದವಳು, ಅವನ ನಡತೆ ಸಭ್ಯವಾಗಿತ್ತೆಂದು ಬಹುಕಾಲದ ಮೇಲೆ ಹೇಳಿದ ಮಾತು, 1970ರಲ್ಲಿ ಈ ಚಿತ್ರಗಳೊಡನೆ ಬಂದ ಪುಸ್ತಕದಲ್ಲಿದೆ. ಇನ್ನೊಂದು, ಚಿತ್ರಗಳ ವೈವಿಧ್ಯ. ಗಿರಾಕಿಗೆ ತೋರಿಸಲೆಂದು ತೆಗೆದವಾದರೆ ಎಲ್ಲವೂ ಒಂದೇ ಎರಕದಲ್ಲಿ ಇರಬೇಕಿತ್ತು. ಇಲ್ಲಿ ಒಬ್ಬಳು ಕುತ್ತಿಗೆವರೆಗೆ ಗುಂಡಿ ಹಾಕಿದ ಬಿಳಿ ಉಡುಪಿನಲ್ಲಿ, ಊರಿನ ಯಾವ ಗೃಹಿಣಿಯೂ ಸ್ಟುಡಿಯೋಗೆ ಹೋಗಿ ನಿಲ್ಲುವಂತೆ, ನಿಂತಿದ್ದಾಳೆ. ಒಬ್ಬಳ ಹತ್ತಿರ ಪುಟ್ಟ ನಾಯಿ. ಬೆತ್ತದ ಮಂಚದ ಮೇಲೆ ಮಲಗಿದವಳ ಮೈಮೇಲೆ ಏನೂ ಇಲ್ಲ, ಕಣ್ಣಿಗೆ ಮಾತ್ರ ಕರಿಯ ಮುಖವಾಡ. ಮತ್ತೊಬ್ಬಳು ಗೋಡೆಯ ಮೇಲೆ ಚಿಟ್ಟೆಯ ಚಿತ್ರ ಬರೆಯುತ್ತಿದ್ದಾಳೆ. ಈ ತಟ್ಟೆಗಳಲ್ಲಿ ಗಿರಾಕಿ ಒಬ್ಬನೂ ಕಾಣುವುದಿಲ್ಲ. ವೃತ್ತಿ ನಡೆಯುವುದು ರಾತ್ರಿ. ಚಿತ್ರ ಆದದ್ದು ಹಗಲಿನಲ್ಲಿ, ಕೆಲಸವಿಲ್ಲದ ಹೊತ್ತಿನಲ್ಲಿ. ಹಳಗನ್ನಡ ಕಾವ್ಯದ ಸೂಳೆಗೇರಿಯ ವರ್ಣನೆಗಳಲ್ಲಿ, ಪಂಪನಲ್ಲಿ ಕೂಡ, ಬೀದಿಯಲ್ಲಿ ನಡೆದುಹೋಗುವ ನಾಯಕನ ಕಣ್ಣಿಗೆ ಬಿದ್ದಷ್ಟೇ ಓದುಗನಿಗೆ ದಕ್ಕುವುದು. ಇಲ್ಲಿ ನಡೆದುಹೋಗುವವನಿಲ್ಲ. ನಿಂತು ಕಾಯುವವನೊಬ್ಬ, ಕುಳಿತು ಕಾಯಿಸುವವಳೊಬ್ಬಳು.

ಹೆಚ್ಚು ಪ್ರಸಿದ್ಧವಾದ ತಟ್ಟೆಯೊಂದನ್ನು ಬಿಡಿಸಿ ನೋಡುವುದು ಲೇಸು. ಪುಟ್ಟ ಮೇಜು, ಅದರ ಮೇಲೆ ‘ರಾಲಿ ರೈ’ ಎಂಬ ವಿಸ್ಕಿಯ ಬಾಟಲಿ. ರೈ ಎಂಬ ಧಾನ್ಯದಿಂದ ಇಳಿಸಿದ ಅಮೆರಿಕದ ಮದ್ಯ ಅದು. ಪಕ್ಕದಲ್ಲಿ ಕುಳಿತ ಹೆಂಗಸಿನ ಕಾಲಿಗೆ ಅಡ್ಡಪಟ್ಟೆಯ ಕಾಲುಚೀಲ, ಕೈಯಲ್ಲಿ ಎತ್ತಿ ಹಿಡಿದ ಚಿಕ್ಕ ಲೋಟ. ಕಣ್ಣು ಮೊದಲು ಹೋಗುವುದು ಆ ಪಟ್ಟೆಗಳಿಗೆ. ಕಪ್ಪು-ಬಿಳುಪಿನ ಮಾಧ್ಯಮಕ್ಕೆ ತಾನೇ ಹೊಂದಿಕೊಂಡ ಉಡುಪು ಅದೊಂದು. ಆದರೆ ಪಟ್ಟೆ ನಿಜಕ್ಕೂ ಕಪ್ಪೇ ಆಗಿತ್ತು ಎನ್ನಲಾಗದು. ಆ ಕಾಲದ ಸಾಮಾನ್ಯ ತಟ್ಟೆಗಳಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು ಕಪ್ಪಾಗಿಯೇ ಬೀಳುತ್ತಿತ್ತು. ನೀಲಿ ಹೆಚ್ಚು ಕಾಣುತ್ತಿತ್ತು, ಹಾಗಾಗಿ ಬಿಳಿಚಿ ಹೋಗುತ್ತಿತ್ತು. ರಂಗು ಹಚ್ಚಿದ ತುಟಿ ಇದ್ದದ್ದಕ್ಕಿಂತ ಕರ್ರಗೆ, ತಿಳಿನೀಲಿ ಕಣ್ಣು ಇದ್ದದ್ದಕ್ಕಿಂತ ಬೆಳ್ಳಗೆ ಮೂಡಿದ್ದರೆ ಅದು ತಟ್ಟೆಯ ಗುಣ. ಕಪ್ಪು-ಬಿಳುಪು ಎಂದರೆ ಬಣ್ಣ ಕಳೆದ ಸತ್ಯ ಎಂದು ಹಲವರು ತಿಳಿಯುತ್ತಾರೆ. ಬಣ್ಣಗಳನ್ನು ತನ್ನ ಪಕ್ಷಪಾತದಿಂದ ಎರಡೇ ಪಂಗಡಕ್ಕೆ ಸೇರಿಸಿದ ವರದಿ ಎಂದರೆ ಹೆಚ್ಚು ಸರಿ. ಇನ್ನು ಲೋಟ. ಕುಡಿಯುವವಳು ಲೋಟವನ್ನು ಬಾಯಿಗೆ ಒಯ್ಯುತ್ತಾಳೆ. ಈಕೆ ಎತ್ತಿ ಹಿಡಿದು ನಿಲ್ಲಿಸಿದ್ದಾಳೆ. ಇದು ಅಭಿನಯ. ತನ್ನ ಬಗ್ಗೆ ಲೋಕ ಏನು ಎಣಿಸಿದೆಯೋ ಅದನ್ನು ತಾನೇ ಆಡಿ ತೋರಿಸಿದಂತಿದೆ, ಅದೂ ಸ್ವಲ್ಪ ತಮಾಷೆಯಾಗಿ. ಆ ತಮಾಷೆಯೇ ಈ ತಟ್ಟೆಯ ಸ್ವಾರಸ್ಯ.

ಎರಡನೆಯ ಶಂಕೆ ಹೆಚ್ಚು ಕಠಿಣವಾದದ್ದು. ಕೆಲವು ತಟ್ಟೆಗಳಲ್ಲಿ ಮುಖವೇ ಇಲ್ಲ. ಮೈ ಇದೆ, ಮಂಚವಿದೆ, ಗೋಡೆಯ ಕಾಗದದ ಹೂಬಳ್ಳಿ ಇದೆ. ಕತ್ತಿನ ಮೇಲೆ ಕರಿಯ ಗೀಚು. ಮುಖವಿಲ್ಲದ್ದು ಭಾವಚಿತ್ರ ಹೇಗಾದೀತು? ಮೊದಲು ಗೀಚು ಆದ ಬಗೆ. ಗಾಜಿನ ಮೇಲೆ ಬಳಿದ ಬೆಳ್ಳಿಯ ಲೇಪದಲ್ಲಿ ಬಿಂಬ ಕುಳಿತಿರುತ್ತದೆ. ಲೇಪವನ್ನು ಕೆರೆದರೆ ಅಲ್ಲಿ ಬರಿಗಾಜು ಉಳಿಯುತ್ತದೆ. ಅಚ್ಚು ತೆಗೆಯುವಾಗ ಬೆಳಕು ತಡೆಯಿಲ್ಲದೆ ನುಗ್ಗಿ ಕಾಗದವನ್ನು ಕಪ್ಪಾಗಿಸುತ್ತದೆ. ಹೀಗಾಗಿ ತಟ್ಟೆಯಲ್ಲಿ ತೆಗೆದುಹಾಕಿದ್ದು ಅಚ್ಚಿನಲ್ಲಿ ಬಳಿದಂತೆ ಕಾಣುತ್ತದೆ. ಕೆರೆದವರು ಯಾರು? ಅಣ್ಣತಮ್ಮಂದಿರಲ್ಲಿ ಪಾದ್ರಿಯಾದವನು, ನಾಚಿಕೆಯಿಂದ, ಬೆಲಾಕ್ ಸತ್ತ ಮೇಲೆ ಕೆರೆದ ಎಂಬ ಕಥೆಯೊಂದು ಬಹಳ ಕಾಲ ಓಡಾಡಿತು. ಕಥೆಗೆ ಗೀಚೇ ಅಡ್ಡ ಬರುತ್ತದೆ. ಒಣಗಿ ಗಟ್ಟಿಯಾದ ಲೇಪ ಚೂರುಚೂರಾಗಿ ಏಳುತ್ತದೆ. ಇಲ್ಲಿ ಲೇಪ ಹಸಿಯಾಗಿದ್ದಾಗ ಕೆರೆದ ಲಕ್ಷಣಗಳಿವೆ ಎಂದು ತಟ್ಟೆಗಳನ್ನು ಬಲ್ಲವರು ಹೇಳಿದ್ದಾರೆ. ಹಸಿಯಾಗಿದ್ದಾಗ ಎಂದರೆ ತಟ್ಟೆ ತೊಳೆದ ಹೊತ್ತಿನಲ್ಲಿ, ಕತ್ತಲೆಕೋಣೆಯ ಆಸುಪಾಸಿನಲ್ಲಿ. ಆ ಹೊತ್ತಿಗೆ ಅಲ್ಲಿ ಇದ್ದಿರಬಹುದಾದವನು ಬೆಲಾಕನೇ.

ಕಾರಣ? ಇಲ್ಲಿ ಟೀಕಾಕಾರರು ಎರಡು ಬಣ. ಮುಖ ಮರೆಮಾಡಿ ಅವಳ ಗುಟ್ಟು ಕಾಪಾಡಿದ ಎಂದು ಒಂದು ಪಕ್ಷ. ಕೋಪ ಅಥವಾ ಹೊಟ್ಟೆಕಿಚ್ಚು ಎಂದು ಮತ್ತೊಂದು. ಮೊದಲನೆಯದು ದುರ್ಬಲ ಎನ್ನದೆ ವಿಧಿಯಿಲ್ಲ. ಗುಟ್ಟು ಕಾಯುವವನಿಗೆ ಮುಖವಾಡ ಸಾಕಿತ್ತು, ಅದು ಅವನ ಕೈಯಳತೆಯಲ್ಲೇ ಇತ್ತೆಂದು ಇನ್ನೊಂದು ತಟ್ಟೆ ಸಾಕ್ಷಿ ಹೇಳುತ್ತದೆ. ಮುಖ ತೋರಿದ ಬೆತ್ತಲೆ ಚಿತ್ರಗಳೂ ಗೀಚಿಲ್ಲದೆ ಉಳಿದಿವೆ. ಹಾಗೆಂದು ಎರಡನೆಯದಕ್ಕೆ ಬಲ ಬಂತೆಂದೂ ಅಲ್ಲ. ಕೋಪ ಬಂದವನು ತಟ್ಟೆಯನ್ನೇ ಒಡೆಯಬಹುದಿತ್ತು. ಗೀಚಿದವನು ಆ ಮೇಲೂ ತಟ್ಟೆಯನ್ನು ಜೋಪಾನ ಮಾಡಿದ. ಹಾಗಾದರೆ ಭಾವಚಿತ್ರ ಎಂಬ ಪದ ಈ ತಟ್ಟೆಗಳಿಗೆ ಸಲ್ಲುವುದೆ ಎಂಬ ಮೂಲ ಶಂಕೆಗೆ ಸಮಾಧಾನ ಇಷ್ಟು: ಕುಳಿತಾಗ ಅದು ಭಾವಚಿತ್ರವಾಗಿತ್ತು. ಕುಳಿತವಳು ಮುಖ ಕೊಟ್ಟೇ ಕುಳಿತಿದ್ದಳು. ಕೊಟ್ಟದ್ದನ್ನು ಆಮೇಲೆ ಇನ್ನೊಬ್ಬರು ಕಿತ್ತುಕೊಂಡದ್ದರಿಂದ ಕೊಟ್ಟದ್ದು ಸುಳ್ಳಾಗುವುದಿಲ್ಲ.

‘ನ್ಯೂ ಆರ್ಲಿಯನ್ಸ್’ ಎಂಬುದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಮಿಸಿಸಿಪ್ಪಿ ಕಡಲಿಗೆ ಸೇರುವ ತಾವಿಗೆ ಹತ್ತಿರದ ಬಂದರು. ನಾವಿಕರು, ಹತ್ತಿಯ ವ್ಯಾಪಾರಿಗಳು, ರೈಲಿನಲ್ಲಿ ಬಂದಿಳಿಯುವವರು ಇದ್ದುದರಿಂದ ಡಿಸ್ಟ್ರಿಕ್ಟಿಗೆ ಗಿರಾಕಿಯ ಕೊರತೆ ಇರಲಿಲ್ಲ; ರೈಲು ನಿಲ್ದಾಣವೂ ಬೇಸಿನ್ ಬೀದಿಯ ಬದಿಗೇ ಇತ್ತು. ಜೆಲ್ಲಿ ರೋಲ್ ಮಾರ್ಟನ್‌ನಂಥವರು ಈ ಮನೆಗಳ ಹಜಾರಗಳಲ್ಲಿ ಪಿಯಾನೊ ಬಾರಿಸಿ ಸಂಪಾದಿಸುತ್ತಿದ್ದರು. ಜಾಝ್ ಸಂಗೀತದ ಚರಿತ್ರೆಯಲ್ಲಿ ಈ ಬೀದಿಗಳಿಗೆ ಸ್ಥಾನವಿರುವುದು ಅದರಿಂದ. ಆ ಪಿಯಾನೊ ತಟ್ಟೆಗಳಲ್ಲಿ ಕೇಳಿಸದು. ಅದನ್ನು ಹುಡುಕಿಕೊಂಡು ಬಂದವನಿಂದಲೇ ತಟ್ಟೆಗಳು ಲೋಕಕ್ಕೆ ಕಂಡವು ಎಂಬುದು ಮುಂದೆ ಬರುತ್ತದೆ.

‘ಸುಮಾರು 1912’ ಎಂಬಲ್ಲಿ ‘ಸುಮಾರು’ ಪ್ರಾಮಾಣಿಕ ಪದ. ತಟ್ಟೆಗಳ ಮೇಲೆ ತೇದಿ ಬರೆದಿಲ್ಲ. ಮುಡಿಯ ಕಟ್ಟು, ಉಡುಪಿನ ಮಾಟ, ಡಿಸ್ಟ್ರಿಕ್ಟ್ ಬಾಳಿದ ಅವಧಿ ಇವುಗಳಿಂದ ಊಹಿಸಿದ ವರ್ಷ ಅದು. ಒಂದೇ ವರ್ಷದ ಕೆಲಸವಾಗಿರಲೂಬಹುದು, ಕೆಲವು ವರ್ಷಗಳದಾಗಿರಲೂಬಹುದು.

‘ಬಿಸಿಲುಕಾಗದ’ ಎಂಬುದಕ್ಕೆ ವಿವರಣೆ ಅವಶ್ಯ. ಸಾಮಾನ್ಯ ಫೋಟೊಕಾಗದದ ಮೇಲೆ ಕತ್ತಲೆಕೋಣೆಯಲ್ಲಿ ಬೆಳಕು ಬೀಳಿಸಿ, ಬಳಿಕ ರಸದಲ್ಲಿ ಅದ್ದಿದಾಗ ಬಿಂಬ ಮೂಡುತ್ತದೆ. ಬಿಸಿಲುಕಾಗದಕ್ಕೆ ರಸದ ಹಂಗಿಲ್ಲ. ತಟ್ಟೆಯನ್ನು ಕಾಗದದ ಮೇಲೆ ಒತ್ತಿ ಚೌಕಟ್ಟಿಗೆ ಸೇರಿಸಿ ಹಗಲ ಬೆಳಕಿಗೆ ಇಟ್ಟರೆ, ಬಿಂಬ ತಾನಾಗಿ, ಕಣ್ಣೆದುರೇ, ನಿಧಾನವಾಗಿ ಗಾಢವಾಗುತ್ತದೆ. ಬೆಲಾಕನ ಕಾಲದಲ್ಲಿ ರೂಢಿಯಲ್ಲಿದ್ದ ಈ ಕ್ರಮ 1960ರ ದಶಕದ ಹೊತ್ತಿಗೆ ಹೆಚ್ಚುಕಡಿಮೆ ಕಣ್ಮರೆಯಾಗಿತ್ತು. ಹೊಸ ಕಾಗದದಲ್ಲಿ ತೆಗೆದ ಅಚ್ಚುಗಳು ಈ ತಟ್ಟೆಗಳ ಬೆಳಕು-ನೆರಳಿನ ಹರವನ್ನು ಹಿಡಿಯಲಾರದೆ ಹೋದಾಗ ಫ್ರೀಡ್‌ಲ್ಯಾಂಡರ್ ಹಳೆಯ ಕ್ರಮಕ್ಕೆ ಮರಳಿದ. ನೇರ ಬಿಸಿಲಲ್ಲ, ತಂಪು ಬೆಳಕು. ತಟ್ಟೆ ಎಷ್ಟು ದಟ್ಟವೋ ನೋಡಿ, ಮೂರು ತಾಸಿನಿಂದ ಏಳು ದಿನದವರೆಗೆ. ಆಮೇಲೆ ಚಿನ್ನದ ಲವಣದ ದ್ರಾವಣದಲ್ಲಿ ಅದ್ದಿ ಬಣ್ಣ ನಿಲ್ಲಿಸುವುದು. ಕ್ಷಣದಲ್ಲಿ ತೆಗೆದದ್ದಕ್ಕೆ ವಾರವಿಡೀ ಅಚ್ಚು. ಹಿಗ್ಗಿಸಿದ್ದಿಲ್ಲ, ಕುಗ್ಗಿಸಿದ್ದಿಲ್ಲ, ತಟ್ಟೆ ಎಷ್ಟೋ ಅಚ್ಚೂ ಅಷ್ಟೇ. ಕಾಲುಚೀಲದ ನೇಯ್ಗೆ, ಬಾಗಿಲ ಬಣ್ಣದ ಬಿರುಕು ಕೂಡ ಉಳಿದಿರುವುದು ಇದರಿಂದ.

‘ಲೀ ಫ್ರೀಡ್‌ಲ್ಯಾಂಡರ್’ ಸೂತ್ರದ ಎರಡನೆಯ ಕರ್ತೃ. ತಾನೇ ದೊಡ್ಡ ಫೋಟೊಗ್ರಾಫರ್. ಜಾಝ್ ವಾದಕರ ಚಿತ್ರ ತೆಗೆಯಲು ನ್ಯೂ ಆರ್ಲಿಯನ್ಸಿಗೆ ಹೋಗಿಬರುತ್ತಿದ್ದಾಗ, 1958ರಲ್ಲಿ, ಲ್ಯಾರಿ ಬೊರೆನ್‌ಸ್ಟೈನ್ ಎಂಬ ಕಲಾವ್ಯಾಪಾರಿಯ ಬಳಿ ಈ ತಟ್ಟೆಗಳನ್ನು ಕಂಡ. ಮನಸ್ಸು ಅಲ್ಲಿಯೇ ಉಳಿದು 1966ರಲ್ಲಿ ಕೊಂಡುಕೊಂಡ. 1970ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಅಚ್ಚುಗಳು ಪ್ರದರ್ಶನಗೊಂಡವು. ಜೊತೆಗೆ ಪುಸ್ತಕ, ಅದಕ್ಕೆ ಆ ಮ್ಯೂಸಿಯಮ್ಮಿನ ಜಾನ್ ಜಾರ್ಕೋವ್ಸ್ಕಿ, ಬೆಲಾಕನನ್ನು ಬಲ್ಲವರೊಡನೆ ಬೇರೆಬೇರೆಯಾಗಿ ನಡೆದ ಮಾತುಕತೆಗಳನ್ನು ಒಂದೇ ಹರಟೆಯಂತೆ ಹೆಣೆದು ಸೇರಿಸಿದ. ಹೆಣಿಗೆ ಚಂದವೇ, ಐತಿಹ್ಯಕ್ಕೆ ನೀರೆರೆದದ್ದೂ ಅದೇ.

‘ಅಚ್ಚು’ ಎಂಬ ಕೊನೆಯ ಪದದಲ್ಲಿ ಒಂದು ನಿರ್ಧಾರ ಅಡಗಿದೆ. ಫ್ರೀಡ್‌ಲ್ಯಾಂಡರ್ ತಟ್ಟೆಯನ್ನು ಇಡಿಯಾಗಿ ಅಚ್ಚು ಮಾಡಿದ. ಒಡೆದ ಮೂಲೆ ಒಡೆದಂತೆಯೇ, ಲೇಪ ಸುಲಿದ ಅಂಚು ಸುಲಿದಂತೆಯೇ. ಬೆಲಾಕ್ ಹಾಗೆ ಮಾಡುತ್ತಿದ್ದನೆಂದು ತೋರುವುದಿಲ್ಲ. ಕೆಲವು ತಟ್ಟೆಗಳಲ್ಲಿ ಮನೆಯ ಹೊರಗೆ ಒಂದು ಬಟ್ಟೆ ಇಳಿಬಿಟ್ಟು ಅದರ ಮುಂದೆ ಹೆಂಗಸನ್ನು ನಿಲ್ಲಿಸಿದ್ದಾನೆ. ಬಟ್ಟೆ ಕಟ್ಟುವುದು ಹಿಂದಿನದನ್ನು ಮರೆಸಲು. ಹಾಗಾಗಿ ಅಚ್ಚಿನಲ್ಲಿ ಬಟ್ಟೆಯಷ್ಟನ್ನೇ ಉಳಿಸಿಕೊಂಡು ಸುತ್ತಲಿನದನ್ನು ಕತ್ತರಿಸುವ ಯೋಚನೆ ಅವನಿಗಿತ್ತು ಎಂದು ಊಹಿಸುವುದು ಸಮಂಜಸ. ಇಡಿಯಾಗಿ ಅಚ್ಚಾದ್ದರಿಂದ ಬಟ್ಟೆ ಮುಗಿಯುವ ಕಡೆ ಹಿತ್ತಿಲು ಇಣುಕುತ್ತದೆ. ಇಲ್ಲಿ ಮೂರನೆಯ ಶಂಕೆ: ಕುಳಿತವಳು ಒಪ್ಪಿದ್ದು ಬಟ್ಟೆಯ ಮುಂದಿನ ಚಿತ್ರಕ್ಕೆ, ಹಿತ್ತಿಲಿಗೆ ಅವಳು ಒಪ್ಪಿದ್ದಳೆ? ಒಪ್ಪಿರಲಿಲ್ಲ. ಬೆಲಾಕನೂ ಒಪ್ಪುತ್ತಿರಲಿಲ್ಲ. ಇಂದಿನ ನೋಡುಗನಿಗೆ ಹೆಚ್ಚು ರುಚಿಸುವುದು ಆ ಹಿತ್ತಿಲೇ ಎಂಬುದು ಸ್ವಲ್ಪ ಮುಜುಗರದ ಸಂಗತಿ. ಆದರೂ ಫ್ರೀಡ್‌ಲ್ಯಾಂಡರನ ನಿರ್ಧಾರ ಸರಿಯಾದದ್ದು. ಕತ್ತರಿಸಿದ್ದರೆ ಇವು ಒಬ್ಬ ನುರಿತ ಕಸುಬಿಯ ಸ್ಟುಡಿಯೋ ಚಿತ್ರಗಳಾಗಿ ಉಳಿಯುತ್ತಿದ್ದವು. ಕತ್ತರಿಸದೆ ಬಿಟ್ಟದ್ದರಿಂದ, ಆ ಹೆಂಗಸರು ಆ ಹಿತ್ತಿಲಲ್ಲಿ ನಿಂತು ಬೇರೆಲ್ಲಿಯೋ ಇದ್ದಂತೆ ಕಾಣಬಯಸಿದರು ಎಂಬುದು ಕೂಡ ಕಾಣುತ್ತದೆ.

ಪದಗಳು ಮುಗಿದವು. ವ್ಯಾಖ್ಯಾನದಲ್ಲಿ ಅನುಕ್ತ, ಎಂದರೆ ಸೂತ್ರ ಹೇಳದೆ ಬಿಟ್ಟದ್ದನ್ನು ಎತ್ತಿ ತೋರಿಸುವ ಕೆಲಸವೂ ಇದೆ. ಈ ಸಾಲಿನಲ್ಲಿ ಮೂವರ ಹೆಸರುಗಳಿವೆ. ಚಿತ್ರ ತೆಗೆದವನು ಬೆಲಾಕ್; ಅಚ್ಚು ತೆಗೆದವನು ಫ್ರೀಡ್‌ಲ್ಯಾಂಡರ್; ಮೂರನೆಯವನು ಗೆರೆ ಎಳೆದು ಈ ಹೆಂಗಸರನ್ನೆಲ್ಲ ಅದರೊಳಗೆ ಸೇರಿಸಿದ ಸಿಡ್ನಿ ಸ್ಟೋರಿ, ಸ್ಥಳನಾಮದ ಮರೆಯಲ್ಲಿ. ಕ್ಯಾಮೆರಾವನ್ನೇ ಮುಟ್ಟದ ನಗರಸಭಾಸದಸ್ಯನ ಹೆಸರು ಪ್ರತಿಯೊಂದು ಭಾವಚಿತ್ರದ ಕೆಳಗಿದೆ. ಭಾವಚಿತ್ರ ಯಾರದೋ ಅವಳದು ಒಂದರ ಕೆಳಗೂ ಇಲ್ಲ. ನೀಲಿ ಪುಸ್ತಕದಲ್ಲಿ ಹೆಸರುಗಳಿದ್ದವು, ಮಾರಾಟಕ್ಕೆ. ಅವನ್ನು ಈ ಮುಖಗಳಿಗೆ ಜೋಡಿಸುವ ದಾರಿ ಇಲ್ಲ. ಕಾದಂಬರಿ, ಸಿನಿಮಾ, ಕವಿತೆಗಳು ಹೆಸರಿಟ್ಟು ಆ ತೆರಪನ್ನು ತುಂಬಿವೆ. ಅದು ಅವುಗಳ ಧರ್ಮ. ಮ್ಯೂಸಿಯಮ್ಮಿನ ಅಡಿಬರಹದ ಧರ್ಮ ಬೇರೆ. ವರ್ಷ ಗೊತ್ತಿಲ್ಲದಾಗ ‘ಸುಮಾರು’ ಎಂದು ಬರೆಯುವಷ್ಟು ನಿಷ್ಠೆ ಅದಕ್ಕೆ ಇದೆ. ಅದೇ ನಿಷ್ಠೆಯಿಂದ, ಭಾವಚಿತ್ರ ಎಂಬ ಪದದ ಮುಂದೆ, ‘ಕುಳಿತವಳ ಹೆಸರು ತಿಳಿದಿಲ್ಲ’ ಎಂಬ ಮೂರು ಪದಗಳನ್ನೂ ಅಲ್ಲಿ ಸೇರಿಸಬೇಕು.